ಐದೂರ ಗಾಲ್ಫು, ಕೆಟ್ಟು ನಿಲ್ಲುವ ಸ್ಕೂಟಿ

ನಮ್ಮ ಗಾಲ್ಫಿಗೆ ಐದೇ ಗುಂಡಿ. ಮೊದಲನೆಯದು ಶಹಾಬಾದಿನಲ್ಲಿ, ಎರಡನೆಯದು ವಾಡಿಯಲ್ಲಿ, ಮೂರನೆಯದು ಚಿತ್ತಾಪುರ ತಾಲ್ಲೂಕಿನ ದಂಡೋತಿಯ ಹೊಳೆ ದಂಡೆಯಲ್ಲಿ, ನಾಲ್ಕನೆಯದು ಸೇಡಂನ ನಮ್ಮ ಹೊಲದಲ್ಲಿ, ಐದನೆಯದು ಚಿಂಚೋಳಿ ಕಡೆಯ ಚಂದ್ರಂಪಳ್ಳಿಯಲ್ಲಿ, ಹಿನ್ನೀರಿನ ಬದಿಗೆ. ಒಂದು ಗುಂಡಿಯಿಂದ ಇನ್ನೊಂದಕ್ಕೆ ನಡೆದು ಹೋಗುವ ಮಾತೇ ಇಲ್ಲ. ಕ್ರೂಸರ್ ಬೇಕು, ಡೀಸೆಲ್ ಬೇಕು, ದಾರಿಯಲ್ಲಿ ನಿಂತು ನಿಂತು ಚಹಾ ಬೇಕು. ಟಿವಿಯಲ್ಲಿ ಗಾಲ್ಫ್ ನೋಡಿ ತಿಳಿದುಕೊಂಡಿರುವ ನನ್ನ ಅಳಿಯ ಒಮ್ಮೆ ಇದನ್ನೆಲ್ಲ ಕೇಳಿ, ಮಾವಾರ, ಇದು ಗಾಲ್ಫೇ ಅಲ್ಲ ಅಂದ. ಆ ದಿನ ಅವನ ಹೋಳಿಗೆಯ ಮೇಲೆ ಎರಡನೇ ಸಲ ತುಪ್ಪ ಬೀಳದಂತೆ ನೋಡಿಕೊಂಡೆ.

ನಾವು ಐವರೂ ಹೈಸ್ಕೂಲಿನಲ್ಲಿ ಕಡೇ ಬೆಂಚು ಹಂಚಿಕೊಂಡವರು. ಈಗ ಐದೂರಿಗೆ ಚದುರಿದ್ದೇವೆ, ಆದ್ದರಿಂದ ಊರಿನಿಂದಲೇ ಗುರುತು ಹೇಳುತ್ತೇನೆ. ಶಹಾಬಾದಿನವನದು ಫರಸಿ ಕಲ್ಲಿನ ವ್ಯಾಪಾರ. ಮನೆಯಲ್ಲಿ ಉರ್ದು ಮಾತಾಡುತ್ತಾನೆ, ಜಗಳಕ್ಕೆ ಕನ್ನಡ ಇಟ್ಟುಕೊಂಡಿದ್ದಾನೆ. ವಾಡಿಯವನು ರೈಲ್ವೆಯಲ್ಲಿದ್ದು ನಿವೃತ್ತನಾದವನು, ಈಗಲೂ ರೈಲಿನ ಸದ್ದು ಕೇಳಿದರೆ ಎದ್ದು ನಿಲ್ಲುತ್ತಾನೆ. ಚಿಂಚೋಳಿಯವನು ಕಾಡಿನ ಗಾರ್ಡಾಗಿದ್ದ. ಮಾತನ್ನು ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಾನೆ. ಚಿತ್ತಾಪುರದವನಿಗೆ ಗಾಡಿ ರಿಪೇರಿಯ ಗ್ಯಾರೇಜಿದೆ. ಹುಟ್ಟಿದ್ದು ದಂಡೋತಿಯಲ್ಲಿ, ಹೊಳೆ ದಂಡೆಯ ಮನೆತನ. ಅವನ ಅಜ್ಜ ಮಳೆಗಾಲದಲ್ಲಿ ಜನರನ್ನು ಕಾಗಿಣಾ ಹೊಳೆ ದಾಟಿಸುತ್ತಿದ್ದವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು, ಮಗಳು ಗಂಡನ ಮನೆಯಲ್ಲಿದ್ದಾಳೆ, ಮಾತು ಕಡಿಮೆ. ಐದನೆಯವನು ನಾನು. ಸೇಡಂ ಬಜಾರಿನಲ್ಲಿ ತೊಗರಿ ಅಡತಿ ಅಂಗಡಿ. ನನ್ನ ದನಿ ಏರಿದರೆ ಆ ತುದಿಯ ಹಮಾಲರೂ ಚೀಲ ಕೆಳಗಿಡುತ್ತಾರೆ ಅನ್ನುತ್ತಾರೆ. ಸುಳ್ಳು. ತಿರುಗಿ ನೋಡುತ್ತಾರೆ, ಅಷ್ಟೇ.

ಗಾಲ್ಫಿನ ಕೋಲುಗಳು ಬಂದದ್ದು ಶಹಾಬಾದಿನವನಿಂದ. ಯಾವುದೋ ಸಾಹೇಬರ ಬಂಗಲೆಗೆ ಫರಸಿ ಹಾಸಲು ಹೋಗಿದ್ದ. ಸಾಹೇಬರು ವರ್ಗವಾಗಿ ಹೋಗುವಾಗ ಒಂದು ಚರ್ಮದ ಚೀಲದ ತುಂಬ ಕೋಲುಗಳನ್ನು ಇವನ ಕೈಗೆ ಕೊಟ್ಟು ಹೋದರು. ಒಂದು ವರ್ಷ ಅವನ ಹೆಂಡತಿ ಅದರಲ್ಲೊಂದರಿಂದ ಹುಣಸೆಹಣ್ಣು ಬಡಿದರು. ಆಮೇಲೆ ನಮ್ಮ ಬುದ್ಧಿಗೆ ಹೊಳೆಯಿತು. ಐವರಿಗೂ ಐದು ಕೋಲು, ಟ್ರ್ಯಾಕ್ಟರಿನ ಕೆಂಪು ಬಣ್ಣ ಬಳಿದ ಚೆಂಡು, ಪ್ರತಿಯೊಬ್ಬನೂ ತನ್ನ ಊರಿನಲ್ಲಿ ಒಂದು ಗುಂಡಿ ಮಾಡಬೇಕು, ಸಂಕ್ರಾಂತಿ ಮುಗಿದ ಮೇಲಿನ ಭಾನುವಾರ ಬೆಳಿಗ್ಗೆ ಶಹಾಬಾದಿನಲ್ಲಿ ಶುರು, ಹೊತ್ತು ಮುಳುಗುವುದರೊಳಗೆ ಚಂದ್ರಂಪಳ್ಳಿಯಲ್ಲಿ ಮುಕ್ತಾಯ. ಐದೂ ಗುಂಡಿ ಸೇರಿ ಯಾರ ಏಟು ಕಡಿಮೆಯೋ ಅವನು ಗೆದ್ದ.

ಗೆದ್ದವನಿಗೆ ಕಪ್ಪಿಲ್ಲ, ಶಾಲಿಲ್ಲ. ಅವನಿಗೆ ಸಿಗುವುದು ಒಂದು ಮಾತು. ಉಳಿದ ನಾಲ್ವರಲ್ಲಿ ಒಬ್ಬನಿಗೆ ಅವನು ಏನಾದರೂ ಒಂದು ಹೇಳಬಹುದು. ಹೇಳಿಸಿಕೊಂಡವನು ಯಾಕೆ ಅನ್ನುವ ಹಾಗಿಲ್ಲ, ಒಲ್ಲೆ ಅನ್ನುವ ಹಾಗಿಲ್ಲ. ಇದಕ್ಕೆ ನಾವು ಗೆದ್ದವನ ಮಾತು ಅನ್ನುತ್ತೇವೆ. ಈ ಮಾತಿನಿಂದಲೇ ವಾಡಿಯವನು ನನ್ನ ಮೀಸೆ ತೆಗೆಸಿದ. ಮನೆಯಲ್ಲಿ ನನ್ನ ಹೆಂಡತಿ ಬಾಗಿಲು ತೆಗೆದು, ಯಾರು ಬೇಕ್ರಿ ಅಂದಳು. ಈ ಮಾತಿನಿಂದಲೇ ನಾನು, ನೀರು ಕಂಡರೆ ನಡುಗುವ ಚಿಂಚೋಳಿಯವನನ್ನು ಹರಿಗೋಲಿನಲ್ಲಿ ಕೂರಿಸಿ ಒಂದು ಸುತ್ತು ಹಾಕಿಸಿದೆ. ಅವನು ದಡಕ್ಕೆ ಬರುವವರೆಗೂ ತೆಲುಗಿನಲ್ಲಿ ನನ್ನನ್ನು ಬೈದ, ಆದರೆ ಒಲ್ಲೆ ಅನ್ನಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಒಲ್ಲೆ ಅಂದವರಿಲ್ಲ.

ಚಿತ್ತಾಪುರದವನು ಮಾತ್ರ ಒಮ್ಮೆಯೂ ಗೆದ್ದಿರಲಿಲ್ಲ. ಅವನಿಗೆ ಗೆಲ್ಲುವ ಹಂಬಲವೂ ಇದ್ದಂತೆ ಕಾಣಲಿಲ್ಲ. ಕ್ರೂಸರ್ ಓಡಿಸುತ್ತಿದ್ದ, ನಮ್ಮ ಜಗಳ ನೋಡಿ ನಗುತ್ತಿದ್ದ, ಆಟದಲ್ಲಿ ಕಡೆಯವನಾಗಿ ಬರುತ್ತಿದ್ದ.

ಹೋದ ಸಂಕ್ರಾಂತಿಗೆ ಅವನಿಗೆ ಗೆಲ್ಲಲೇಬೇಕಾಗಿತ್ತು. ಯಾಕೆಂದು ಈಗಲೇ ಹೇಳಿಬಿಡುತ್ತೇನೆ. ನನ್ನ ತಂಗಿಯನ್ನು ಮದುವೆಯಾಗುತ್ತೇನೆಂದು ನನ್ನನ್ನು ಕೇಳಬೇಕಿತ್ತು ಅವನಿಗೆ. ಬಾಯಿ ಬಿಟ್ಟು ಕೇಳುವ ಧೈರ್ಯವಿಲ್ಲ. ಗೆದ್ದರೆ ಗೆದ್ದವನ ಮಾತು ಅಂತ ಕೇಳಬಹುದು, ಆಗ ನಾನು ಒಲ್ಲೆ ಅನ್ನುವ ಹಾಗಿಲ್ಲ. ಉಳಿದ ಮೂವರಿಗೂ ಇದು ಗೊತ್ತಿತ್ತು. ಗೊತ್ತಿಲ್ಲದೆ ಇದ್ದವನು ನಾನೊಬ್ಬನೇ. ಈಗ ಅದನ್ನು ನೆನೆದರೆ ಅಂಗಡಿಯ ಗಾದಿಯ ಮೇಲೆ ಒಬ್ಬನೇ ಕೂತು ನಗುತ್ತೇನೆ, ಗುಮಾಸ್ತ ಗಾಬರಿಯಾಗುತ್ತಾನೆ.

ತಂಗಿ ಕಾಳಗಿಯಲ್ಲಿ ಶಾಲೆಯ ಟೀಚರು. ಚಿಕ್ಕ ವಯಸ್ಸಿನಲ್ಲೇ ಗಂಡ ಹೋದ. ಸೇಡಂಗೆ ಬಾ ಅಂದರೆ ಬರಲಿಲ್ಲ, ಅಲ್ಲೇ ಮನೆ ಮಾಡಿಕೊಂಡು ಶಾಲೆ, ಮಕ್ಕಳು, ಒಂದು ಸ್ಕೂಟಿ ಅಂತ ನೆಟ್ಟಗೆ ಬದುಕಿದಳು. ನಡುವೆ ಒಮ್ಮೆ ನಮ್ಮವರೇ ಒಬ್ಬ ದೊಡ್ಡ ಮನುಷ್ಯರು ಆಕೆಗೆ ಒಂದು ಸಂಬಂಧ ಹಿಡಿದುಕೊಂಡು ಅಂಗಡಿಗೆ ಬಂದಿದ್ದರು. ಆಕೆಯ ಮದುವೆಯ ಮಾತು ಅಂಗಡಿಯಲ್ಲಿ ಆಡುತ್ತೀರಾ ಅಂತ ನಾನು ಎದ್ದು ನಿಂತದ್ದೇ ತಡ, ಅವರು ಒಂದು ಚಪ್ಪಲಿ ಬಿಟ್ಟು ಹೋದರು. ಆ ಚಪ್ಪಲಿಯ ಕಥೆ ಐದೂರಿನಲ್ಲೂ ಓಡಾಡಿದೆ. ಅವರಾದರೂ ನಮ್ಮಂತೆ ಲಿಂಗ ಕಟ್ಟಿಕೊಂಡವರು. ಚಿತ್ತಾಪುರದವನು ಹೊಳೆ ದಂಡೆಯವನು, ಬೇರೆ ಕುಲ. ತನ್ನ ಎರಡೂ ಚಪ್ಪಲಿ ಅಲ್ಲೇ ಉಳಿದಾವು ಅಂತ ಅವನು ಹೆದರಿದ್ದರೆ ತಪ್ಪೇನಿಲ್ಲ.

ಇನ್ನು ಆ ಸ್ಕೂಟಿ. ನಮ್ಮ ಜಿಲ್ಲೆಯಲ್ಲಿ ಅಷ್ಟು ಸಲ ಕೆಟ್ಟ ಗಾಡಿ ಇನ್ನೊಂದಿಲ್ಲ. ವಾರ ಬಿಟ್ಟು ವಾರ ಕೆಡುತ್ತಿತ್ತು. ಕಾಳಗಿಯಲ್ಲೇ ಮೆಕ್ಯಾನಿಕ್ಕುಗಳಿದ್ದರೂ ತಂಗಿ ಅದನ್ನು ಚಿತ್ತಾಪುರಕ್ಕೇ ಒಯ್ಯುತ್ತಿದ್ದಳು. ಅಣ್ಣನ ಗೆಳೆಯ, ನಂಬಿಗಸ್ತ ಮನುಷ್ಯ ಅಂತ ನನಗೂ ಸಮಾಧಾನವಿತ್ತು. ಆದರೆ ಎಷ್ಟು ದಿನ? ಒಂದು ಸಲ ಬ್ರೇಕು, ಒಂದು ಸಲ ಪ್ಲಗ್ಗು, ಒಂದು ಸಲ ಬರೀ ಸದ್ದು ಬರುತ್ತದೆ ಅಂತ. ಕೆಟ್ಟ ಗಾಡಿಯನ್ನು ಆಕೆ ಅಷ್ಟು ದೂರ ಓಡಿಸಿಕೊಂಡೇ ಹೋಗುತ್ತಾಳಲ್ಲ ಅನ್ನುವುದು ನನಗೆ ಹೊಳೆಯಲೇ ಇಲ್ಲ. ಚಿತ್ತಾಪುರದವನಿಗೆ ಫೋನಿನಲ್ಲಿ ಬೈದೆ, ಎದುರಿಗೆ ಬೈದೆ. ಲೇ, ನಿನಗೆ ಕೆಲಸ ಬರುತ್ತದೋ ಇಲ್ಲವೋ ಅಂತ ಕೇಳಿದೆ. ಅವನು ತಲೆ ಕೆರೆದುಕೊಂಡು, ಮುಂದಿನ ಸಲ ಪೂರಾ ನೋಡ್ತೀನಿ ಅನ್ನುತ್ತಿದ್ದ.

ಭಾನುವಾರ ಬೆಳಿಗ್ಗೆ ಶಹಾಬಾದಿನ ಹಳೆಯ ಕಲ್ಲಿನ ಖಣಿಗೆ ಇಳಿದೆವು. ಕೆಲಸ ನಿಂತು ಎಷ್ಟೋ ಕಾಲವಾದ ಖಣಿ ಅದು. ತಳ ಪೂರ್ತಿ ಬರೀ ಚಪ್ಪಡಿ. ಅದರ ನಡುವೆ ನಮ್ಮ ವ್ಯಾಪಾರಿ ಮಷೀನು ಹಚ್ಚಿ ಎಂಥ ದುಂಡನೆಯ ಗುಂಡಿ ಕೊರೆಸಿದ್ದಾನೆಂದರೆ ಅದರಲ್ಲಿ ಚಹಾದ ಲೋಟ ಸರಿಯಾಗಿ ಕೂರುತ್ತದೆ. ಕಲ್ಲಿನ ಮೇಲೆ ಚೆಂಡು ನಿಲ್ಲುವುದಿಲ್ಲ. ಮೆಲ್ಲಗೆ ಮುಟ್ಟಿದರೂ ಟಣ್ ಟಣ್ ಅಂತ ಆ ಕಡೆಯ ಗೋಡೆಯವರೆಗೆ ಹೋಗಿ ತಿರುಗಿ ಬರುತ್ತದೆ. ಅಲ್ಲಿ ಗೆಲ್ಲುವವನು ಯಾವಾಗಲೂ ಶಹಾಬಾದಿನವನೇ.

ಆ ದಿನ ಅವನ ಚೆಂಡು ಖಣಿಯ ತುಂಬ ಸುತ್ತಿತು. ಹೊಡೆದ, ನಕ್ಕ, ಮತ್ತೆ ಹೊಡೆದ. ಒಂದೊಂದು ಏಟಿಗೂ ನಮ್ಮ ಅಪ್ಪಂದಿರ ಮೇಲೆ ಆಣೆ ಮಾಡಿ ಜಗಳವಾಡುತ್ತಿದ್ದ ಮನುಷ್ಯ, ಅರೇ ಇರ್ಲಿ ಬಿಡ್ರಿ, ಆಟ ಅಲ್ಲೇನು ಅಂದ. ಜ್ವರ ಬಂದಿದೆಯೇನೋ ಅಂತ ಹಣೆ ಮುಟ್ಟಿ ನೋಡಿದೆ. ಅತ್ತ ಚಿತ್ತಾಪುರದವನು ಕಾಲು ಅಗಲಿಸಿ ನಿಂತು, ಉಸಿರು ಬಿಗಿಹಿಡಿದು ಚೆಂಡನ್ನು ಗುಂಡಿಯ ಬಾಯಿಗೆ ತಂದಿಟ್ಟ. ಗ್ಯಾರೇಜಿನ ಹಿಂದೆ ದೀಪಾವಳಿಯಿಂದ ಅಭ್ಯಾಸ ಮಾಡಿದ್ದನಂತೆ. ಆ ಸುದ್ದಿ ನನಗೆ ಆಮೇಲೆ ಗೊತ್ತಾಯಿತು.

ಸರಿ, ಮೂವರೂ ಸೋಲುವುದೇನೋ ಸುಲಭ. ನನ್ನನ್ನು ಸೋಲಿಸುವುದು ಹೇಗೆ? ವಾಡಿಯಲ್ಲಿ ಅದು ಶುರುವಾಯಿತು. ಅಲ್ಲಿಯ ಗುಂಡಿ ಹಳಿಯ ಈಚೆಗಿನ ಬಯಲಿನಲ್ಲಿದೆ. ನಾನು ಕೋಲು ಎತ್ತಿದಾಗಲೆಲ್ಲ ವಾಡಿಯವನು ಗಾಡಿ ಬಂತು, ಗಾಡಿ ಬಂತು ಅಂದ. ಗೂಡ್ಸೂ ಬರಲಿಲ್ಲ, ಪ್ಯಾಸೆಂಜರೂ ಬರಲಿಲ್ಲ. ನಾನು ಹೊಡೆಯುವ ಹೊತ್ತಿಗೆ ಶಹಾಬಾದಿನವನಿಗೆ ಕೆಮ್ಮು ಬಂತು. ಚಿಂಚೋಳಿಯವನು ನನ್ನ ನೆರಳಿನಲ್ಲೇ ನಿಂತು, ಕಾಡಿನಲ್ಲಿ ಕಂಡ ಹಾವಿನ ವಿಚಾರ ತೆಗೆದ. ನಮ್ಮಲ್ಲಿ ಮೋಸ ಹೊಸದಲ್ಲ, ಆದರೆ ಯಾವಾಗಲೂ ಎಲ್ಲರೂ ಎಲ್ಲರಿಗೂ ಸಮನಾಗಿ ಮಾಡುತ್ತಿದ್ದೆವು. ಆ ದಿನ ಎಲ್ಲವೂ ನನ್ನ ಪಾಲಿಗೇ ಬಂತು.

ಅವರ ಲೆಕ್ಕ ತಪ್ಪಿದ್ದು ಇಲ್ಲಿ. ನನಗೆ ಸಿಟ್ಟು ಬಂದರೆ ಉಳಿದವರಂತೆ ಕೈ ನಡುಗುವುದಿಲ್ಲ, ಕೈ ನೆಟ್ಟಗಾಗುತ್ತದೆ. ತಕ್ಕಡಿ ಹಿಡಿದೂ ಹಿಡಿದೂ ಬಂದ ಗುಣವೋ ಏನೋ. ಸಮಾಧಾನದಲ್ಲಿದ್ದರೆ ನಾನು ಬರೀ ಸಾಧಾರಣ ಆಟಗಾರ. ಅವರು ಕೆಣಕಿದಷ್ಟೂ ನನ್ನ ಚೆಂಡು ದಾರ ಹಿಡಿದಂತೆ ಹೋಯಿತು. ವಾಡಿ ಮುಗಿಯುವ ಹೊತ್ತಿಗೆ ಚಿತ್ತಾಪುರದವನಿಗಿಂತ ಮುಂದಿದ್ದೆ. ಖುಷಿಯಲ್ಲಿ ಎಲ್ಲರಿಗೂ ಮಿರ್ಚಿ ಭಜಿ ಕೊಡಿಸಿದೆ. ಯಾರೂ ಸರಿಯಾಗಿ ತಿನ್ನಲಿಲ್ಲ. ನಾನೇ ತಿಂದೆ.

ದಂಡೋತಿಯಲ್ಲಿ ಹೊಳೆ ಸಣ್ಣದಾಗಿ ಹರಿಯುತ್ತಿತ್ತು. ಅಲ್ಲಿಯ ಗುಂಡಿ ಮರಳಿನಲ್ಲಿ, ಅದಕ್ಕೆ ಒಡೆದ ಬಿಂದಿಗೆಯ ಕಂಠ ಹುಗಿದಿದ್ದಾನೆ ಚಿತ್ತಾಪುರದವನು. ಚಿಕ್ಕಂದಿನಿಂದ ಈಜಾಡಿದ ಜಾಗ, ಅಲ್ಲಿ ಅವನೇ ಮೇಲು. ಪ್ಯಾಂಟು ಮಡಚಿ, ನೀರಿಗೆ ಬಿದ್ದ ಚೆಂಡನ್ನು ನೀರಿನಿಂದಲೇ ಎತ್ತಿ ಹೊಡೆದ. ಚೆಂಡು, ಮರಳು, ಒಂದು ಸಣ್ಣ ಏಡಿ ಮೂರೂ ಕೂಡಿ ಹಾರಿದವು. ಚೆಂಡು ಬಿಂದಿಗೆಯ ಪಕ್ಕಕ್ಕೆ ಬಿತ್ತು, ಏಡಿ ನನ್ನ ಕಾಲಿನ ಮೇಲೆ ಬಿತ್ತು. ನಾನು ಕುಣಿದದ್ದನ್ನು ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಕ್ಕಳೆಲ್ಲ ನೋಡಿದರು. ನಾವಿಬ್ಬರೂ ಸಮ ಸಮ ಆದೆವು.

ಮರಳಿನ ಮೇಲೆ ಕೂತು ಚಹಾ ಕುಡಿಯುವಾಗ ವಾಡಿಯವನು, ಈ ಸಲ ಗೆದ್ದರೆ ಏನು ಕೇಳುತ್ತಿ ಅಂತ ನನ್ನನ್ನು ಕೇಳಿದ. ನಾನು ವರ್ಷವಿಡೀ ಅದನ್ನೇ ಯೋಚನೆ ಮಾಡಿ ಇಟ್ಟುಕೊಂಡಿದ್ದೆ. ಚಿತ್ತಾಪುರದವನ ಬೆನ್ನಿನ ಮೇಲೆ ಒಂದು ಗುದ್ದಿ ಹೇಳಿದೆ:

"ಇವಂಗೇ ಹೇಳಾಂವ ಅದೀನಿ. ಇನ್ನ ಮ್ಯಾಲ ನನ್ನ ತಂಗಿ ಸ್ಕೂಟಿ ಇಂವ ಮುಟ್ಟಬಾರ್ದು. ಆಕಿಗಿ ಹೊಸಾದು ಕೊಡಸ್ತೀನಿ, ರಿಪೇರಿಗಿ ಕಲಬುರಗಿ ಶೋರೂಮಿಗಿ ಹೋಗ್ಲಿ. ಆಕಿ ಗಾಡಿ ಇವನ ಗ್ಯಾರೇಜಿನ ಮುಂದ ನಿಲ್ಲಬಾರ್ದು."

ಚಹಾ ಕುಡಿಯುತ್ತಿದ್ದ ಮೂವರೂ ಕುಡಿಯುವುದನ್ನು ನಿಲ್ಲಿಸಿದರು. ಚಿತ್ತಾಪುರದವನು ಹೊಳೆಯ ಕಡೆ ನೋಡುತ್ತಾ ಕೂತ. ಅವನ ಕೆಲಸಕ್ಕೆ ಹೆಸರಿಟ್ಟೆನಲ್ಲ, ಅದಕ್ಕೆ ಬೇಜಾರಾಗಿದ್ದಾನೆ ಅಂದುಕೊಂಡೆ. ನಾನು ಗೆದ್ದರೆ ಅವನು ಆಕೆಯನ್ನು ಕಾಣುವ ದಾರಿಯೇ ಮುಚ್ಚುತ್ತದೆ ಅನ್ನುವುದು ನನಗೇನು ಗೊತ್ತು? ಒಲ್ಲೆ ಅನ್ನಲು ಅವನಿಗೂ ಅಧಿಕಾರವಿಲ್ಲ.

ಅಲ್ಲಿಂದ ಸೇಡಂವರೆಗೆ ಕ್ರೂಸರಿನಲ್ಲಿ ಮೂವರೂ ಕಿಟಕಿಯಾಚೆ ನೋಡುತ್ತಾ ಕೂತರು. ನಾನು ಹಾಡಿದೆ.

ನಮ್ಮ ಹೊಲದಲ್ಲಿ ತೊಗರಿ ಕೊಯ್ದು ಮುಗಿದಿತ್ತು. ಕರಿ ನೆಲ ಒಣಗಿ ಬಿರಿದು, ಅಂಗೈ ಇಳಿಯುವಷ್ಟು ಸೀಳುಗಳು. ಚೆಂಡು ಸೀಳಿನಲ್ಲಿ ಇಳಿಯಿತೆಂದರೆ ಮುಗಿಯಿತು, ಅದು ಮುಂದಿನ ಮಳೆಗಾಲದವರೆಗೂ ಭೂಮಿತಾಯಿಯದು. ಒಂದು ಏಟು ದಂಡ ಹಾಕಿಕೊಂಡು ಹೊಸ ಚೆಂಡು ಇಡಬೇಕು. ಆದರೆ ನನಗೆ ನನ್ನ ನೆಲದ ಒಂದೊಂದು ಸೀಳೂ ಗೊತ್ತು. ಕೊಯ್ದ ತೊಗರಿ ಕಟ್ಟಿಗೆಗಳ ನಡುವೆ ಚೆಂಡನ್ನು ನುಗ್ಗಿಸಿಕೊಂಡು ಆರಾಮಾಗಿ ಹೊರಟಿದ್ದೆ. ಹಾಗೇ ತಿರುಗಿ ನೋಡುತ್ತೇನೆ, ಚಿಂಚೋಳಿಯವನು ಆಕಾಶ ನೋಡುತ್ತಾ, ಬಲಗಾಲಿನಿಂದ ನನ್ನ ಚೆಂಡನ್ನು ಮೆಲ್ಲಗೆ ಸೀಳಿನೊಳಗೆ ನೂಕುತ್ತಿದ್ದಾನೆ.

ಹೊಲದಲ್ಲಿ ನಾನು ಆಡಿದ ಮಾತು ಇಲ್ಲಿ ಬರೆಯುವುದಿಲ್ಲ. ಪಕ್ಕದ ಹೊಲದವರು ಎತ್ತು ಬಿಟ್ಟು ಓಡಿ ಬಂದರು. ಕೋಲು ಬೀಸಿ ಒಗೆದೆ, ಅದು ಹೋಗಿ ಬನ್ನಿ ಗಿಡಕ್ಕೆ ಸಿಕ್ಕಿಕೊಂಡಿತು. ಆಟವೂ ಬೇಡ, ನಿಮ್ಮ ದೋಸ್ತಿಯೂ ಬೇಡ, ಇದು ನನ್ನ ಹೊಲ, ಎಲ್ಲರೂ ಕೆಳಗಿಳಿಯಿರಿ ಅಂದೆ. ಹೊಲದಿಂದ ಎಲ್ಲಿಗೆ ಇಳಿಯುವುದು ಅಂತ ಶಹಾಬಾದಿನವನು ಕೇಳಿದ. ನಾನು ಕ್ರೂಸರಿನಲ್ಲಿ ಹೋಗಿ ಕೂತು ಗಾಜು ಏರಿಸಿಕೊಂಡೆ. ಗಾಜಿನಾಚೆ ನಾಲ್ವರೂ ತಲೆ ಕೂಡಿಸಿ ಏನೋ ಗುಸುಗುಸು ಮಾಡಿದರು. ಚಿತ್ತಾಪುರದವನು ಬೇಡ ಬೇಡ ಅಂತ ಕೈ ಆಡಿಸುತ್ತಿದ್ದ. ಕಡೆಗೆ ಅವನೇ ಬನ್ನಿ ಗಿಡ ಹತ್ತಿ ನನ್ನ ಕೋಲು ಇಳಿಸಿಕೊಂಡು, ಮೈತುಂಬ ಮುಳ್ಳು ಗೀರಿಸಿಕೊಂಡು ಬಂದು ಗಾಜು ತಟ್ಟಿದ. ಚೆಂಡು ಎಲ್ಲಿತ್ತೋ ಅಲ್ಲೇ ಇಟ್ಟು ಹೊಡಿ, ದಂಡ ಬೇಡ, ಮೋಸದಿಂದ ನನಗೆ ಗೆಲುವು ಬೇಡ ಅಂದ. ಆ ಮುಖ ನೋಡಿ ನನ್ನ ಸಿಟ್ಟು ಸರ್ರನೆ ಇಳಿಯಿತು. ಸಿಟ್ಟು ಇಳಿದದ್ದೇ ತಡ, ಕೈಯೂ ಕೆಟ್ಟಿತು. ಮುಂದಿನ ಏಟಿಗೆ ಚೆಂಡು ತಾನೇ ಹೋಗಿ ಸೀಳಿನಲ್ಲಿ ಬಿತ್ತು. ನಾಲ್ಕು ಗುಂಡಿ ಮುಗಿದವು, ನಾವಿಬ್ಬರೂ ಮತ್ತೆ ಸಮ.

ಕಾಳಗಿಯಲ್ಲಿ ತಂಗಿ ಮನೆಯ ಮುಂದೆ ಬುತ್ತಿ ಗಂಟು ಹಿಡಿದು ನಿಂತಿದ್ದಳು, ಕೊರಳಲ್ಲಿ ಶಾಲೆಯ ಸೀಟಿ. ಕಡೇ ಗುಂಡಿಗೆ ಪ್ರತಿ ವರ್ಷ ಅಂಪೈರು ಆಕೆಯೇ. ಮೊದಮೊದಲು ಅಲ್ಲಿ ನಮ್ಮ ಜಗಳ ಬಗೆಹರಿಯದೆ ಕತ್ತಲಾಗಿಬಿಡುತ್ತಿತ್ತು. ಆಕೆ ಬಂದು ಸೀಟಿ ಊದಿದ ಮೇಲೆ ಐವರು ಮುದುಕರೂ ಪ್ರಾರ್ಥನೆಯ ಸಾಲಿನಲ್ಲಿ ನಿಂತಂತೆ ನಿಲ್ಲಲು ಕಲಿತೆವು. ಗಾಡಿ ಹತ್ತುತ್ತಲೇ ಎಲ್ಲರ ಮುಖ ನೋಡಿ, ಏನಾಗ್ಯದ ಅಂದಳು. ಏನೂ ಇಲ್ಲ ಅಂತ ನಾಲ್ವರೂ ಒಟ್ಟಿಗೆ ಅಂದರು. ಸ್ಕೂಟಿ ಹೇಗಿದೆ ಅಂತ ನಾನು ಕೇಳಿದೆ. ನಿನ್ನೆಯಿಂದ ಹಾರನ್ನು ಬರುತ್ತಿಲ್ಲ ಅಂದಳು. ಶಹಾಬಾದಿನವನಿಗೆ ಮತ್ತೆ ಕೆಮ್ಮು ಹತ್ತಿತು.

ಚಂದ್ರಂಪಳ್ಳಿಯಲ್ಲಿ ಹೊತ್ತು ಇಳಿದಿತ್ತು. ನೀರಿನ ಬದಿಗೆ ಹುಲ್ಲು, ಹಿಂದೆ ಕಾಡು. ನಮ್ಮ ಐದರಲ್ಲಿ ಇದೊಂದೇ ನೋಡಲು ಗಾಲ್ಫಿನಂತೆ ಕಾಣುವ ಜಾಗ. ಉಳಿದ ಮೂವರ ಏಟು ಆಗಲೇ ಲೆಕ್ಕ ತಪ್ಪಿ ಹೋಗಿತ್ತು, ಅವರು ಆಡುವುದನ್ನೇ ಬಿಟ್ಟು ಬಂದು ನಿಂತರು. ನಾನೂ ಚಿತ್ತಾಪುರದವನೂ ಏಟಿಗೆ ಏಟು ಹೊಡೆಯುತ್ತಾ ಗುಂಡಿಯ ಹತ್ತಿರ ಬಂದೆವು. ಅವನ ಚೆಂಡು ಗುಂಡಿಯಿಂದ ಒಂದು ಗೇಣು, ನನ್ನದು ಎರಡು ಮಾರು. ಏಟು ಇಬ್ಬರದೂ ಅಷ್ಟೇ. ದೂರದವನು ಮೊದಲು ಹೊಡೆಯಬೇಕು. ನನ್ನ ಚೆಂಡು ಗುಂಡಿಗೆ ಬಿದ್ದರೆ ಗೆಲುವು ನನ್ನದು, ಏಟು ಸಮವಾದರೆ ಕಡೇ ಗುಂಡಿಗೆ ಮೊದಲು ಹಾಕಿದವನೇ ಗೆದ್ದ ಅನ್ನುವುದು ನಮ್ಮ ನಿಯಮ. ಬೀಳದಿದ್ದರೆ ಅವನ ಗೇಣಿನ ದೂರವನ್ನು ಕೂಸೂ ಹೊಡೆದು ಗೆಲ್ಲುತ್ತದೆ.

ಸುಮ್ಮನೆ ಹೊಡೆದಿದ್ದರೆ ಏನಾಗುತ್ತಿತ್ತೋ. ನನ್ನ ಬಾಯಿ ಸುಮ್ಮನಿರಲಿಲ್ಲ. ಕೋಲು ಹಿಡಿದು ನಿಂತು ತಂಗಿಗೆ, ಇದು ಬಿದ್ದರೆ ಆ ದರಿದ್ರ ಸ್ಕೂಟಿ ಇಂದಿಗೆ ಮುಗಿಯಿತು, ಇವನ ಗ್ಯಾರೇಜಿನ ಋಣವೂ ಮುಗಿಯಿತು ಅಂದೆ. ತಂಗಿಯ ಮುಖದ ಬಣ್ಣ ಹೋಯಿತು. ಚಿತ್ತಾಪುರದವನು ಬಂದು ನನ್ನ ಚೆಂಡಿಗೂ ಗುಂಡಿಗೂ ನಡುವೆ ನಿಂತ. ಮೈತುಂಬ ಬನ್ನಿ ಮುಳ್ಳಿನ ಗೀರು.

"ಹೊಡೀಬ್ಯಾಡ. ಆ ಸ್ಕೂಟಿಗಿ ಏನೂ ಆಗಿಲ್ಲ, ಎಂದೂ ಏನೂ ಆಗಿದ್ದಿಲ್ಲ. ಗೆದ್ದು ನಿನಗ ಕೇಳಬೇಕಂತ ಮಾಡಿದ್ದೆ, ಗೆಲ್ಲದಿದ್ರೂ ಕೇಳ್ತೀನಿ. ನಿನ್ನ ತಂಗೀನ್ನ ನಾ ಲಗ್ನ ಆಗ್ತೀನಿ."

ಮೂವರೂ ಒಮ್ಮೆಲೇ ನೀರಿನ ಕಡೆ ತಿರುಗಿ ನಿಂತರು. ನೀರು ಕಂಡರೆ ಆಗದ ಚಿಂಚೋಳಿಯವನೂ ನೀರನ್ನೇ ನೋಡುತ್ತಿದ್ದ. ನನ್ನ ಕಿವಿ ಗುಂಯ್ ಅಂದವು. ಸಿಟ್ಟು ಅಂಗಾಲಿನಿಂದ ಎದ್ದು ಕೊರಳಿನವರೆಗೆ ಬಂತು. ಬಜಾರು ಕಂಡಿರದಂಥ ಮಾತು ಬರುತ್ತದೆ ಅಂತ ನನಗೇ ಅನ್ನಿಸಿತು. ಬಾಯಿ ತೆರೆದರೆ ಬಂದದ್ದು ಒಂದೇ.

"ಬ್ರೇಕು ಸುದ್ದಾ ಕೆಟ್ಟಿದ್ದಿಲ್ಲೇನು?"

ಇಲ್ಲ ಅಂತ ತಲೆಯಾಡಿಸಿದ. ಪ್ಲಗ್ಗು? ಅದೂ ಇಲ್ಲ. ಎಂಥ ಮೋಸ. ಎರಡು ಮಳೆಗಾಲ ನಾನು ಆ ಪ್ಲಗ್ಗಿನ ಚಿಂತೆಯಲ್ಲಿ ಕಳೆದಿದ್ದೆ.

ಆಗ ಸೀಟಿ ಕೂಗಿತು. ಕಾಡಿನಿಂದ ಹಕ್ಕಿಗಳು ಎದ್ದು ಹಾರಿದವು. ತಂಗಿ ನಮ್ಮಿಬ್ಬರ ನಡುವೆ ಬಂದು ನಿಂತಳು. ಮೊದಲ ಪಾಳಿ ಚಿತ್ತಾಪುರದವನದು. ನನ್ನಣ್ಣನ ಜೊತೆ ಮಾತಾಡಿ ಅಂದಿದ್ದೆ, ಅವನನ್ನು ಸೋಲಿಸಿ ಅಂದಿದ್ದೆನಾ ಅಂತ ಕೇಳಿದಳು. ಗೆದ್ದವನ ಮಾತಿನಲ್ಲಿ ಮೀಸೆ ಬೋಳಿಸುತ್ತೀರಿ, ಹರಿಗೋಲು ಹತ್ತಿಸುತ್ತೀರಿ, ನಾನು ಮೀಸೆಯೋ ಹರಿಗೋಲೋ ಅಂದಳು. ಅವನು ತಲೆ ತಗ್ಗಿಸಿದ. ಆಮೇಲೆ ಮೂವರನ್ನೂ ನೀರಿನ ಕಡೆಯಿಂದ ತಿರುಗಿಸಿ ವಿಚಾರಿಸಿದಳು. ಕೆಮ್ಮು, ಸುಳ್ಳು ರೈಲು, ಹಾವು, ಸೀಳು, ಎಲ್ಲವೂ ಹೊರಗೆ ಬಿತ್ತು. ಎಲ್ಲ ಕೇಳಿ, ಐವರೂ ಔಟ್ ಅಂದಳು. ನಾನೇನು ಮಾಡಿದೆ ಅಂತ ಕೇಳಿದೆ. ಅಂಪೈರಿನ ಮುಂದೆ ದನಿ ಏರಿಸಿದ್ದಕ್ಕೆ ಅಂದಳು.

ಆಮೇಲೆ ನನ್ನ ಕೈಯಿಂದ ಕೋಲು ಕಸಿದುಕೊಂಡಳು. ಸೀರೆಯ ಸೆರಗು ಸಿಗಿಸಿಕೊಂಡು ನನ್ನ ಚೆಂಡಿನ ಮುಂದೆ ನಿಂತಳು. ಆಕೆ ಕೋಲು ಹಿಡಿದದ್ದನ್ನು ನಾವು ಯಾರೂ ಕಂಡಿರಲಿಲ್ಲ. ಅಳತೆಯಿಲ್ಲ, ಉಸಿರು ಬಿಗಿಹಿಡಿಯುವುದಿಲ್ಲ, ಅಂಗಳದ ಕಸ ಆಚೆ ನೂಕಿದಂತೆ ಒಂದು ಏಟು. ಚೆಂಡು ಹುಲ್ಲಿನ ಮೇಲೆ ಉರುಳಿ ಉರುಳಿ, ಗುಂಡಿಯ ಅಂಚಿನ ಮೇಲೆ ಒಂದು ಸಲ ನಿಂತು, ಒಳಗೆ ಬಿತ್ತು.

"ಗೆದ್ದಾಕಿ ನಾನು. ಮಾತು ನಂದು," ಅಂದಳು. ಮತ್ತೆ ನನ್ನ ಕಡೆ ತಿರುಗಿದಳು. "ಅಣ್ಣಾ, ವರ್ಷಾ ವರ್ಷಾ ಶರಣರ ಜಯಂತಿಗಿ ನೀ ವೇದಿಕಿ ಮ್ಯಾಲ ನಿಂತು ಭಾಷಣ ಮಾಡ್ತಿ. ಶರಣರ ದಾರ್ಯಾಗ ಹೆಚ್ಚು ಕಡಿಮಿ ಕುಲ ಇಲ್ಲ ಅಂತಿ, ಜನ ಚಪ್ಪಾಳಿ ಹೊಡೀತಾರ. ಅದನ್ನ ಬರ್ಯಾಕಿ ನಾನು. ಈಗ ಕಾಗದ ಇಲ್ಲ. ನೋಡದ ಹೇಳು."

ಆಕೆ ನನ್ನ ಒಪ್ಪಿಗೆ ಕೇಳುತ್ತಿಲ್ಲ ಅನ್ನುವುದು ನನಗೆ ಚೆನ್ನಾಗಿ ಗೊತ್ತಾಯಿತು. ಆಕೆ ಯಾವಾಗಲೋ ತೀರ್ಮಾನ ಮಾಡಿಯಾಗಿತ್ತು. ಕೇಳುತ್ತಿದ್ದದ್ದು, ನೀನು ನಮ್ಮ ಜೊತೆ ಇರುತ್ತೀಯೋ ಇಲ್ಲವೋ ಅಂತ.

ನಿಂತೆ. ಗಂಟಲು ಸರಿ ಮಾಡಿಕೊಂಡೆ. ವರ್ಷ ವರ್ಷ ಗುಡುಗಿದ ಭಾಷಣದಲ್ಲಿ ಒಂದು ಸಾಲೂ ನೆನಪಿಗೆ ಬರಲಿಲ್ಲ. ಎದುರಿಗೆ ಬನ್ನಿ ಮುಳ್ಳಿನ ಗೀರು ಹೊತ್ತ ಗೆಳೆಯ ನಿಂತಿದ್ದ. ನಲವತ್ತೈದು ವರ್ಷ ನಾನು ಲೇ ಅಂತಲೇ ಕರೆದವನು, ನನ್ನ ಬೈಗುಳ ತಿಂದೂ ಏನೂ ಕೆಡದ ಗಾಡಿಯನ್ನು ಮತ್ತೆ ಮತ್ತೆ ರಿಪೇರಿ ಮಾಡಿದವನು. ಅವನ ಪಕ್ಕದಲ್ಲಿ ತಂಗಿ. ಆಕೆಯ ಬೆರಳು ಸೀಟಿಯ ದಾರವನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ಸುತ್ತುತ್ತಿತ್ತು. ಅಷ್ಟು ಜೋರಾಗಿ ಮಾತಾಡಿದವಳ ಬೆರಳು. ಅದನ್ನು ಕಂಡು ನನಗೆ ಅಳು ಬಂತು, ಅದರ ಹಿಂದೆಯೇ ಆ ಪ್ಲಗ್ಗು ನೆನಪಾಗಿ ನಗುವೂ ಬಂತು. ಎರಡೂ ಕೂಡಿ ಬಂದರೆ ಮೂಗು ಸುರಿಯುತ್ತದೆ, ನೋಡುವ ಹಾಗಿರುವುದಿಲ್ಲ. ಟವೆಲಿನಿಂದ ಒರೆಸಿಕೊಂಡು, ಊಟಕ್ಕೆಂದು ಹುಲ್ಲಿನ ಮೇಲೆ ಹಾಸಿದ್ದ ಜಮಖಾನೆಯಲ್ಲಿ ಕೂತು, ನನ್ನ ಪಕ್ಕದ ಜಾಗ ಕೊಡವಿ ಅವನಿಗೆ ಹೇಳಿದೆ:

"ಬರ್ರಿ ಬೀಗರ, ಕುಂದ್ರಿ. ಊಟ ಆರಲಿಕತ್ತದ."

ಅವನು ಕೂರಲಿಲ್ಲ, ಕುಸಿದ. ವಾಡಿಯವನು ರೈಲು ಬಂದಂತೆ ನೆಟ್ಟಗೆ ನಿಂತ. ಶಹಾಬಾದಿನವನು ಈಗ ನಿಜವಾಗಿ ಕೆಮ್ಮುತ್ತಿದ್ದ, ಚಿಂಚೋಳಿಯವನು ಅವನ ಬೆನ್ನು ಗುದ್ದುತ್ತಾ ತೆಲುಗಿನಲ್ಲಿ ಯಾರನ್ನೋ ಹರಸುತ್ತಿದ್ದ. ತಂಗಿ ಬುತ್ತಿ ಬಿಚ್ಚಿದಳು. ಎಲ್ಲರಿಗೂ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಹಾಕಿ, ಹೋಳಿಗೆ ಇಟ್ಟು ನನ್ನ ಮುಂದೆ ಬಂದು ಕೂತಳು.

"ಭಾಷಣ ಭಾಳ ಸಣ್ಣದಾತು," ಅಂದಳು. "ಆದ್ರ ನಾ ಬರದಿದ್ದಕ್ಕಿಂತ ಛಲೋ ಅದ."

ಹೋಳಿಗೆಯ ಮೇಲೆ ತುಪ್ಪ ಹಾಕಿದಳು. ನಾನು ಕೇಳುವ ಮೊದಲೇ ಎರಡನೇ ಸಲವೂ ಹಾಕಿದಳು.